ಗಾಳಿಗೆ ಎದುರು ಹದಿನೆಂಟು ಹೆಜ್ಜೆ

ಅವರು ಯಾರೊಡನೆ ಮಾತಿಗೆ ನಿಂತರೂ ಮೊದಲು ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದುಕೊಂಡು ಎದೆಯ ಮಟ್ಟದಿಂದ ಕೆಳಗೆ ಬಿಡುತ್ತಿದ್ದರು. ಅದು ಯಾವ ಕಡೆ ಹಾರುತ್ತದೆಂದು ನೋಡಿ, ಗಾಳಿ ಬರುವ ದಿಕ್ಕಿಗೆ ಸರಿದು ನಿಂತು, ಆಮೇಲೆ "ಹೇಳ್ರಿ" ಎನ್ನುತ್ತಿದ್ದರು. ಹೊಸಬರಿಗೆ ಇದು ಅವಮಾನದಂತೆ ಕಾಣುತ್ತಿತ್ತು. ಒಮ್ಮೆ ಜಗಳೂರಿನಿಂದ ಬಂದ ಮೆಕ್ಕೆಜೋಳದ ವ್ಯಾಪಾರಿಯೊಬ್ಬ, "ಯಾಕಜ್ಜಾ, ನನ್ನ ಮೈ ನಾರ್ತೈತೇನು?" ಎಂದು ಕೇಳಿಯೇ ಬಿಟ್ಟ.

"ನಾರ್ತಿರಬೌದು ಬಿಡಪ್ಪ. ನನಗೇನು ಗೊತ್ತಾಗ್ತೈತೆ? ನನ್ನ ಮೂಗು ಇಮಾನದ ಕಾಲಕ್ಕೇ ಹೋಗೈತೆ."

ಈ ಪ್ರಸಂಗವನ್ನು ನಾನೇ ಕಂಡೆನೋ, ಯಾರಾದರೂ ಹೇಳಿದ್ದನ್ನು ಕೇಳಿ ಕಂಡೆನೆಂದುಕೊಂಡೆನೋ ಈಗ ಖಚಿತವಿಲ್ಲ. ವ್ಯಾಪಾರಿಯ ಅಂಗಿಯ ಗೆರೆಗಳು ಕೂಡ ನನಗೆ ನೆನಪಿವೆ. ಅನುಮಾನ ಹುಟ್ಟಿಸುವುದೇ ಅದು. ಜೀವಮಾನವಿಡೀ ಚರಿತ್ರೆ ಪಾಠ ಮಾಡಿದವನಿಗೆ, ತೀರಾ ಸ್ಪಷ್ಟವಾದ ನೆನಪುಗಳ ಮೇಲೆ ಭರವಸೆ ಕಡಿಮೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಿಂದೆ ಒಂದು ಅರ್ಜಿಯಲ್ಲಿ ತಂದೆಯ ಹೆಸರು, ವಯಸ್ಸು ಸಮೇತ ಬರೆದಿದ್ದೆ. ಅದರಿಂದ ಅವರಿಗೆ ಒಳ್ಳೆಯದಾಗಲಿಲ್ಲ. ಊರವರು ಬಾವುಟದಜ್ಜ ಎನ್ನುತ್ತಿದ್ದರು, ಅಷ್ಟು ಸಾಕು.

ನಮ್ಮೂರು ಜಗಳೂರು ತಾಲ್ಲೂಕಿನ ಹತ್ತಿ ಬೆಳೆಯುವ ಎರೆಭೂಮಿಗೆ ಸೇರಿದ್ದು. ಊರಾಚೆ, ಎರೆ ಮುಗಿದು ಕಲ್ಲುಮಣ್ಣಿನ ಗರಸು ಶುರುವಾಗುವಲ್ಲಿ, ಉದ್ದಕ್ಕೆ ಮಟ್ಟ ಮಾಡಿದ ಒಂದು ಬಯಲಿದೆ. ನಾನು ಕಾಲೇಜು ಓದುವ ಕಾಲದಲ್ಲಿ ಅದು ವಿಮಾನ ಇಳಿಯುವ ಜಾಗ. ಪ್ರಯಾಣಿಕರದಲ್ಲ, ಹತ್ತಿಗೆ ಔಷಧಿ ಹೊಡೆಯುವ ಪುಟ್ಟ ವಿಮಾನದ್ದು. ಒಂದು ತಗಡಿನ ಶೆಡ್ಡು, ಔಷಧಿ ಕಲಸುವ ಸಿಮೆಂಟ್ ತೊಟ್ಟಿ, ಗಾಳಿ ತುಂಬಿಕೊಂಡು ಉಬ್ಬುವ ಬಟ್ಟೆಯ ಚೀಲವೊಂದನ್ನು ಕಟ್ಟಿದ ಕಂಬ. ಇಷ್ಟೇ ಅದರ ವೈಭವ. ಕೆಲವು ಸುಗ್ಗಿಗಳಷ್ಟು ಕಾಲ ವಿಮಾನ ಬಂತು. ಇಲ್ಲಿಂದ ಹೊನ್ನಾಳಿಯ ಗದ್ದೆಗಳಿಗೂ ಹಾರಿ ಹೋಗುತ್ತಿತ್ತಂತೆ. ಅಷ್ಟು ದೂರ ಹೋಗುವ ಟ್ಯಾಂಕು ಅದಕ್ಕಿತ್ತೇ ಎಂದು ನಾನು ಅಜ್ಜನನ್ನು ಕೇಳಿದ್ದೆ. "ಹೊನ್ನಾಳಿಯವರು ಹೊಳಿ ದಂಡಿಯವರು, ನಿಮಗಿಂತ ಮುಂಚೆ ಎಲ್ಲಾನೂ ನಮ್ಮಲ್ಲೇ ಬಂದಿತ್ತು ಅಂತಾರೆ. ನಾವು ಅವರಿಗೂ ಕೊಟ್ವಿ ಅಂತೀವಿ. ಇಬ್ರೂ ಇಮಾನ ಹತ್ತಿಲ್ಲ," ಎಂದರು.

ವಿಮಾನದ ಬಣ್ಣ ಹಳದಿಯೆಂದು ನನ್ನ ನೆನಪು. ಬಿಳಿಯ ಮೇಲೆ ಕೆಂಪು ಪಟ್ಟಿಯೆಂದು ನನ್ನಣ್ಣ ಆಣೆ ಮಾಡುತ್ತಾನೆ. ಇದನ್ನೂ ಅವರ ಮುಂದೆ ಇಟ್ಟಿದ್ದೆ. "ಬಣ್ಣ ನನಗೂ ಗೊತ್ತಿಲ್ಲ ಸಾರ್. ನಾನು ಕಂಡಿದ್ದು ಅದರ ಹೊಟ್ಟೆ. ಹೊಟ್ಟೆ ಬರೀ ಎಣ್ಣೆ." ಪ್ರತ್ಯಕ್ಷದರ್ಶಿಯ ಹೇಳಿಕೆ ಹೇಗಿರಬೇಕೆಂದು ತರಗತಿಯಲ್ಲಿ ಹುಡುಗರಿಗೆ ಹೇಳುವಾಗ ಇಷ್ಟು ಒಳ್ಳೆಯ ಉದಾಹರಣೆ ನನ್ನ ಬಳಿ ಇರಲಿಲ್ಲ.

ಅವರ ಕೆಲಸ ಹೊಲದ ತುದಿಯಲ್ಲಿ ಬಿಳಿ ಬಾವುಟ ಹಿಡಿದು ನಿಲ್ಲುವುದು. ವಿಮಾನ ಬಾವುಟದ ಮೇಲೆ ಗುರಿಯಿಟ್ಟು, ಗಿಡಗಳ ನೆತ್ತಿ ಸವರುವಷ್ಟು ತಗ್ಗಿನಲ್ಲಿ ಬಂದು, ಒಂದು ಪಟ್ಟಿಯಷ್ಟು ಅಗಲಕ್ಕೆ ಔಷಧಿ ಸುರಿಸಿ, ಅವರ ತಲೆಯ ಮೇಲೆ ಎದ್ದು ಹೋಗುತ್ತಿತ್ತು. ಅದು ತಿರುಗಿ ಬರುವುದರೊಳಗೆ ಅವರು ಹದಿನೆಂಟು ಹೆಜ್ಜೆ ಪಕ್ಕಕ್ಕೆ ನಡೆದು ಮತ್ತೆ ನಿಲ್ಲಬೇಕು. ಯಾವ ಪಕ್ಕಕ್ಕೆ ಎಂಬುದೇ ಮುಖ್ಯ. ಯಾವಾಗಲೂ ಗಾಳಿ ಬರುವ ಕಡೆಗೆ. ಹಾಗೆ ನಡೆದರೆ ಸುರಿದ ಔಷಧಿಯ ಮಂಜು ಆಗಲೇ ಹೊಡೆದಾದ ಹೊಲದ ಮೇಲೆ ಹೋಗುತ್ತದೆ, ಮನುಷ್ಯನ ಮೇಲೆ ಬರುವುದಿಲ್ಲ. "ಇಮಾನ ತಪ್ಪಿದ್ರೂ ನಮ್ಮ ಹೆಜ್ಜೆ ತಪ್ಪಬಾರದು" ಎಂಬುದು ಅವರ ಮಾತು. ಹೆಜ್ಜೆ ತಪ್ಪದಿದ್ದರೂ ಮೂಗು ಹೋಗಿತ್ತು, ಅದು ಬೇರೆ.

ಈ ಲೆಕ್ಕ ಆಗ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ತಿಳುವಳಿಕೆ ಸರಳವಾಗಿತ್ತು. ಬಾವುಟ ತೋರಿಸಿದ ಕಡೆ ವಿಮಾನ ಬರುತ್ತದೆ, ಬಂದ ಕಡೆ ಸುರಿಯುತ್ತದೆ. ಬಾವುಟದವನು ವಿಮಾನವನ್ನು ಕರೆಯುವವನು. ತಮ್ಮ ಹೊಲಕ್ಕೆ ಎರಡು ಸಲ ಕರೆಯಲೆಂದು ಅವರಿಗೆ ಹೋಳಿಗೆ ತಂದುಕೊಟ್ಟವರೂ ಇದ್ದರು. "ತಿಂದೆ," ಎಂದು ಒಪ್ಪಿಕೊಂಡಿದ್ದರು. "ಬ್ಯಾಡ ಅಂದ್ರೆ ಸಣ್ಣ ಹೋಳಿಗೆ ಅಂತ ಬ್ಯಾಡ ಅಂದ ಅಂದ್ಕಂತಾರೆ."

ಇನ್ನು ಹಾಲಮ್ಮನ ವಿಷಯ. ನಮ್ಮ ಪಕ್ಕದ ಮನೆಯವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಊರಿಗೆಲ್ಲ ಮೊದಲು ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕಿದವಳು. ಅವಳ ಹಿಪ್ಪುನೇರಳೆ ತೋಟದ ಪಡುವಣಕ್ಕೆ ಬೇಲಿ, ಬೇಲಿಯಾಚೆ ಬೇರೆಯವರ ಹತ್ತಿ ಹೊಲ. ಒಂದು ಕಾರ್ತೀಕದ ಬೆಳಗ್ಗೆ ವಿಮಾನ ಆ ಹತ್ತಿಗೆ ಔಷಧಿ ಹೊಡೆಯಿತು. ಹುಳುಗಳು ಆಗ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವುದನ್ನು, ಮುಗಿಸಿ, ಹಗಲೂ ಇರುಳೂ ಸೊಪ್ಪು ತಿನ್ನುವ ಹಂತದಲ್ಲಿದ್ದವು. ಇನ್ನೊಂದು ವಾರ ಕಳೆದಿದ್ದರೆ ಗೂಡು. ಮಾರನೆಯ ದಿನ ತಟ್ಟೆತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಆಡಿಸಿ, ಹಸಿರು ಕಕ್ಕಿ ಸತ್ತವು. ಆ ವಾಸನೆ ನನಗೆ ನೆನಪಿದೆ. ಈ ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ, ಯಾಕೆಂದರೆ ಅದಕ್ಕೆ ಚಿತ್ರವಿಲ್ಲ.

ಬಾವುಟದವನು ಬೇಲಿಗೆ ತಾಗಿ ನಿಂತಿದ್ದ, ವಿಮಾನವನ್ನು ತೋಟದ ಮೇಲೆ ಕರೆದ ಎಂದು ಊರು ಒಂದೇ ದಿನದಲ್ಲಿ ತೀರ್ಮಾನ ಮಾಡಿತು. ನಾನು ಎಂ.ಎ. ಓದುತ್ತ ರಜೆಗೆ ಬಂದಿದ್ದೆ. ತಾಲ್ಲೂಕು ಕಚೇರಿಗೆ ಅರ್ಜಿ ಬರೆಯಲು ನನಗಿಂತ ತಕ್ಕವರು ಯಾರು? ಹಾಲಮ್ಮನ ಜಗಲಿಯ ಮೇಲೆ ಕೂತು ಬರೆದೆ, ಸಾಕ್ಷಿಯಾಗಿ ನನ್ನ ಹೇಳಿಕೆಯನ್ನೂ ಸೇರಿಸಿದೆ. "ಸದರಿಯವನು ಹಿಪ್ಪುನೇರಳೆ ಬೇಲಿಯ ಬಳಿ ಬಾವುಟ ಹಿಡಿದು ನಿಂತಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ. ಅವನ ಅಜಾಗರೂಕತೆಯಿಂದಲೇ ಈ ನಷ್ಟ ಸಂಭವಿಸಿರುತ್ತದೆ." ಮೊದಲ ವಾಕ್ಯ ನಿಜ. ಬಸ್ಸಿಗೆ ಹೋಗುವ ದಾರಿಯಲ್ಲಿ ಕಂಡಿದ್ದೆ. ಎರಡನೆಯ ವಾಕ್ಯವನ್ನು ಮೊದಲಿನದು ತಾನಾಗಿ ಎಳೆದು ತಂದಿತು. ಹಾಲಮ್ಮನಿಗೆ ಓದು ಬರುವುದಿಲ್ಲ. ಎರಡನ್ನೂ ಒಂದೇ ದನಿಯಲ್ಲಿ ಓದಿ ಹೇಳಿದೆ. ಅವಳು ಹೆಬ್ಬೆಟ್ಟು ಒತ್ತಿದಳು.

ಅವರ ಕೆಲಸ ಹೋಯಿತು. ಮುಂದಿನ ವರ್ಷ ವಿಮಾನವೇ ಬರಲಿಲ್ಲ. ಅದಕ್ಕೆ ಬೇರೆ ಕಾರಣಗಳಿದ್ದಿರಬೇಕು, ಆದರೆ ಊರು ಅದನ್ನೂ ಅವರ ತಲೆಗೇ ಕಟ್ಟಿತು. ಅವರು ಸವಳಂಗದ ಕಡೆ ಕೂಲಿಗೆ ಹೋದರು. ನಾನು ಚನ್ನಗಿರಿಯಲ್ಲೊಂದು, ನ್ಯಾಮತಿಯಲ್ಲೊಂದು ಎಂದು ಕಾಲೇಜುಗಳನ್ನು ಬದಲಿಸುತ್ತ ಕೊನೆಗೆ ಹೊನ್ನಾಳಿಯಲ್ಲಿ ಮನೆ ಮಾಡಿದೆ. ಎಲ್ಲಿಯೂ ನಾಲ್ಕು ವರ್ಷದ ಮೇಲೆ ನಿಂತವನಲ್ಲ.

ಅವರು ಯಾವಾಗ ಮರಳಿ ಬಂದರೆಂದು ಊರಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ. ಒಂದು ಸುಗ್ಗಿಯಲ್ಲಿ ನೋಡಿದರೆ ಪಾಳುಬಿದ್ದ ಶೆಡ್ಡಿನಲ್ಲಿ ಒಲೆ ಹೊಗೆಯಾಡುತ್ತಿತ್ತಂತೆ. ಅಷ್ಟರಲ್ಲಿ ಹತ್ತಿ ಹೋಗಿ ಮೆಕ್ಕೆಜೋಳ ಬಂದಿತ್ತು. ಕಾಳು ಹರವಲು ಆ ಗರಸಿನ ಬಯಲಿಗಿಂತ ಒಳ್ಳೆಯ ಜಾಗವಿಲ್ಲ. ಅದರ ಹೆಸರೂ 'ಇಮಾನದ ಕಣ' ಎಂದಾಗಿತ್ತು. ಮೊದಮೊದಲು ಒಬ್ಬರ ಒಕ್ಕಣೆ ಮಿಷನ್ನಿನ ಹೊಟ್ಟು ಇನ್ನೊಬ್ಬರ ಹಸನಾದ ಕಾಳಿನ ಮೇಲೆ ಹಾರಿ ದಿನವೂ ಜಗಳ. ಅವರು ಯಾರೂ ಕೇಳದೆಯೇ ನಡುವೆ ಬಂದರು. ಬೆಳಗ್ಗೆ ಎದ್ದು ಮಣ್ಣು ಬಿಟ್ಟು ನೋಡುವುದು, ಮಿಷನ್ನನ್ನು ಗಾಳಿ ಹೋಗುವ ತುದಿಗೆ ಕಳಿಸುವುದು, ಅಲ್ಲಿಂದ ಗಾಳಿಗೆ ಎದುರಾಗಿ ಹದಿನೆಂಟು ಹೆಜ್ಜೆಗೊಬ್ಬರಂತೆ ಜಾಗ ಹಂಚುವುದು. ಗಾಳಿ ತಿರುಗಿದರೆ ಹಂಚಿಕೆಯೂ ತಿರುಗುತ್ತಿತ್ತು. ಯಾರೂ ಅವರನ್ನು ನೇಮಿಸಿರಲಿಲ್ಲ, ಯಾರೂ ಮೀರಲಿಲ್ಲ. ನಟ್ಟನಡುವೆ ಮಾತ್ರ ಒಂದು ದಾರಿ ಖಾಲಿ ಬಿಡಬೇಕು.

"ಅಲ್ಲಿ ಯಾಕಜ್ಜಾ ಹರವಬಾರದು?"

"ಇಮಾನ ಬಂದ್ರೆ?"

"ಬರ್ತೈತೆ, ಬರ್ತೈತೆ. ನಿನ್ನ ಮದುವೆ ದಿಬ್ಬಣ ಕರ್ಕಂಡೇ ಬರ್ತೈತೆ."

"ಅದಕ್ಕೇ ಜಾಗ ಬಿಟ್ಟೀನಿ. ನಿನ್ನ ಟ್ರ್ಯಾಕ್ಟರ್ ಎತ್ಕಂಡು ಆ ಕಡೆ ನಡಿ."

ಹಾಲಮ್ಮನೂ ಅಲ್ಲೇ ಕಾಳು ಹರವುತ್ತಿದ್ದಳು, ಅವರು ಹಂಚಿದ ಜಾಗದಲ್ಲೇ. ಆದರೆ ಆ ಅರ್ಜಿಯ ನಂತರ ಅವರೊಡನೆ ಒಂದು ಮಾತೂ ಆಡಿದವಳಲ್ಲ. ಹುಳುಗಳು ಸತ್ತ ಮೇಲೆ ಹಿಪ್ಪುನೇರಳೆ ಕಿತ್ತು ಸೇವಂತಿಗೆ ಹಾಕಿದ್ದಳು, ಮತ್ತೆ ಹುಳುವಿನ ತಂಟೆಗೆ ಹೋಗಲಿಲ್ಲ. ಕಣದಲ್ಲಿ ಇಬ್ಬರೂ ನಾಲ್ಕು ಮಾರು ದೂರದಲ್ಲಿ ನಿಂತಿರುತ್ತಿದ್ದರು. ಹಾಲಮ್ಮ ನಡುವೆ ಇದ್ದ ಯಾರಿಗೋ, "ಅವ್ನಿಗೆ ಹೇಳ್ರಿ, ನನ್ನ ಜಾಗದಾಗೆ ಕಲ್ಲು ಅದಾವೆ ಅಂತ," ಎನ್ನುವಳು. ಅವರು ಅದೇ ಯಾರಿಗೋ, "ಅಕ್ಕಂಗೆ ಹೇಳ್ರಿ, ನಾಳೆ ಹೊತ್ತಿಗೆ ಇರಲ್ಲ ಅಂತ," ಎನ್ನುವರು. ನಡುವಿನವನು ಬಾಯಿ ತೆರೆಯಬೇಕಾಗಿಯೂ ಇರಲಿಲ್ಲ. ಮಾರನೆಯ ದಿನ ಕಲ್ಲು ಇರುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ನಡೆಯಿತು.

ನಿವೃತ್ತಿಯ ನಂತರ ನನಗೆ ಕೂತಲ್ಲಿ ಕೂರಲಾಗದ ಚಾಳಿ ಹೆಚ್ಚಿತು. ಹೊನ್ನಾಳಿಯಿಂದ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಬದಲಿಸಿ, ಕಾರಣವಿಲ್ಲದೆ ಊರಿಗೆ ಬರತೊಡಗಿದೆ. ಬಂದರೆ ಕಣಕ್ಕೆ ಹೋಗುತ್ತಿದ್ದೆ. ಅವರು ನನ್ನನ್ನು ಗುರುತಿಸಿದರು, ಅರ್ಜಿಯ ಮಾತೆತ್ತಲಿಲ್ಲ. ಶೆಡ್ಡಿನ ನೆರಳಿನಲ್ಲಿ ಚಹಾ ಕಾಸಿ ಕೊಡುತ್ತಿದ್ದರು. ಹಾಲು ಒಡೆದಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾನು ಹೇಳಬೇಕಾಗುತ್ತಿತ್ತು. "ಮೇಷ್ಟ್ರು ಬಂದಿದ್ದು ಚಲೋ ಆತು. ಮೂಗು ಬಂದಂಗಾತು," ಎನ್ನುತ್ತಿದ್ದರು.

ಎರಡು ವರ್ಷಗಳ ಹಿಂದೆ ಅಂಥದೇ ಒಂದು ಮಧ್ಯಾಹ್ನ, ಲೋಟ ತೊಳೆಯುತ್ತ, ಬೆನ್ನು ಈ ಕಡೆ ಮಾಡಿಕೊಂಡೇ ಕೇಳಿದರು.

"ಸಾರ್, ಒಂದು ಕಾಗದ ಬರೀಬೇಕಿತ್ತಲ್ಲ."

"ಯಾವ ಆಫೀಸಿಗೆ?"

"ಆಫೀಸಿಗಲ್ಲ. ಹಾಲಮ್ಮಗೆ. ಆವತ್ತು ನಾನು ನಿಲ್ಲಬೇಕಾದ ಕಡೆಗೇ ನಿಂತಿದ್ದೆ ಅಂತ."

"ಆಕೆಗೆ ಓದು ಬರಲ್ಲವಲ್ಲ."

"ನೀವು ಓದಿ ಹೇಳ್ರಿ. ನೀವು ಓದಿದ್ದನ್ನ ಆಕಿ ನಂಬ್ತಾಳೆ. ಆವತ್ತೂ ನಂಬಿದ್ಲು."

ಅಂದೇ ಅವರು ಹದಿನೆಂಟು ಹೆಜ್ಜೆಯ ಲೆಕ್ಕವನ್ನು ನನಗೆ ವಿವರಿಸಿದ್ದು. ಹತ್ತಿಯ ಪಡುವಣ ತುದಿಯಿಂದ ಶುರು ಮಾಡಿ ತಾವು ಮೂಡಣಕ್ಕೆ ಬಂದದ್ದು, ಹಿಪ್ಪುನೇರಳೆ ಬೇಲಿ ತಮ್ಮ ಕೊನೆಯ ಜಾಗ, ಅಂದ ಮೇಲೆ ಗಾಳಿ ಬೇಲಿಯ ಕಡೆಯಿಂದ ಬರುತ್ತಿತ್ತು, ಔಷಧಿ ತೋಟಕ್ಕೆ ಹೋಗಲು ಸಾಧ್ಯವಿಲ್ಲ ಎಂದರು. ನಾನು ಕೇಳಿದೆ. ಗಾಳಿ ಆ ಕಡೆಯಿಂದ ಇತ್ತೆನ್ನುವುದಕ್ಕೆ ಏನು ಆಧಾರ?

"ನಾನು ಬೇಲಿ ಹತ್ರ ಮುಗಿಸ್ದೆನಲ್ಲ, ಅದೇ ಆಧಾರ."

"ಅಂದರೆ ನಿಮ್ಮ ಮಾತಿಗೆ ನಿಮ್ಮ ಮಾತೇ ಸಾಕ್ಷಿ."

ಅವರು ನಕ್ಕರು. "ಹೌದಲ್ಲ. ಹಂಗಾದ್ರೆ ಬ್ಯಾಡ ಬಿಡ್ರಿ."

ಹಾಗಾದರೆ ಹುಳುಗಳು ಹೇಗೆ ಸತ್ತವು ಎಂದು ಕೇಳಿದೆ. ಅವರು ಲೋಟವನ್ನು ಬೋರಲು ಹಾಕಿದರು. "ಔಷಧಿದು ಖಾಲಿ ಡಬ್ಬಿ ಆಗ ಎಲ್ಲಾರೂ ಒಯ್ತಿದ್ರು. ನಾವು ಬ್ಯಾಡ ಅಂದ್ರೂ ಬಿಡ್ತಿದ್ದಿಲ್ಲ. ನೀರು ತರಾಕೆ ಭಾಳ ಚಲೋ ಇದ್ವು." ಅಷ್ಟು ಹೇಳಿ ನನ್ನ ಮುಖ ನೋಡಿ ನಿಲ್ಲಿಸಿದರು. "ಉಳಿದಿದ್ದು ನಾನು ನೋಡಿಲ್ಲ. ನೋಡದೇ ಇದ್ದಿದ್ದನ್ನ ಹೇಳಬಾರದು."

ಅವರು ನನ್ನ ಮುಖ ನೋಡಿದ್ದು ಯಾಕೆಂದು ಬಸ್ಸಿನಲ್ಲಿ ಹೊಳೆಯಿತು. ನಮ್ಮ ಬಚ್ಚಲುಮನೆಯ ಬಾಗಿಲಲ್ಲಿ ಅಂಥದೊಂದು ಡಬ್ಬಿ ಇತ್ತು. ನೀಲಿ ಬಣ್ಣದ್ದು. ಅಣ್ಣ ವಿಮಾನದ ಬಯಲಿನಿಂದ ತಂದಿದ್ದ, ಅವ್ವ ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದ್ದಳು. ಅಣ್ಣನಿಗೆ ಫೋನ್ ಮಾಡಿದೆ. ಅಂಥ ಡಬ್ಬಿ ನಮ್ಮ ಮನೆಯಲ್ಲಿ ಇರಲೇ ಇಲ್ಲ ಎಂದ. ವಿಮಾನದ ಬಣ್ಣದ ವಿಷಯದಲ್ಲಿ ಅವನನ್ನು ನಂಬದ ನಾನು ಈ ವಿಷಯದಲ್ಲಿ ನಂಬಲು ಸಿದ್ಧನಿದ್ದೆ. ಕಾಗದ ಬರೆಯಲಿಲ್ಲ. ಆಧಾರ ಸಾಲದು ಎಂದುಕೊಂಡೆ. ಆಧಾರ ಕೇಳುವುದು ನನ್ನ ವೃತ್ತಿ. ಆದರೆ ಮೊದಲ ಕಾಗದ ಬರೆಯುವಾಗ ಯಾವ ಆಧಾರವನ್ನೂ ಕೇಳಿರಲಿಲ್ಲ. ಅವರು ಮತ್ತೆ ಆ ಮಾತೆತ್ತಲಿಲ್ಲ. ನಾನು ಬಂದಾಗ ಚಹಾ ಮಾತ್ರ ಕಾಸುತ್ತಿದ್ದರು.

ಕಳೆದ ಆಷಾಢದಲ್ಲಿ ತೀರಿಕೊಂಡರು. ನಾನು ಹೋಗಲಾಗಲಿಲ್ಲ. ಹಳೆಯ ಬಾವುಟದ ಬಟ್ಟೆಯನ್ನೇ ಹೊದಿಸಿ ಮಣ್ಣು ಮಾಡಿದರು ಎನ್ನುತ್ತಾರೆ. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಸಂಗತಿಗಳನ್ನು ನಾನು ನಂಬುವುದು ಕಡಿಮೆ.

ಕಾರ್ತೀಕದಲ್ಲಿ ಊರಿಗೆ ಹೋದೆ. ಕಣದಲ್ಲಿ ಹೊಟ್ಟಿನ ಜಗಳ ಮತ್ತೆ ಶುರುವಾಗಿತ್ತು. ಮಿಷನ್ನು ಗಾಳಿ ಬರುವ ಕಡೆಗೇ ನಿಂತಿತ್ತು. ನಡುವಿನ ದಾರಿಯ ಮೇಲೂ ಕಾಳು ಹರವಿದ್ದರು. ಶೆಡ್ಡಿನ ಮುಂದೆ ಸಂತೇಬೆನ್ನೂರಿನಿಂದ ಬಂದ ಒಂದು ವ್ಯಾನು ನಿಂತಿತ್ತು. ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಅದರಿಂದ ಡ್ರೋನ್ ಇಳಿಸಿ, ಟ್ಯಾಂಕಿಗೆ ಔಷಧಿ ತುಂಬುತ್ತಿದ್ದಳು. ಹಾಲಮ್ಮನ ಬೇಲಿಯಾಚೆಯ ಅದೇ ಹೊಲದಲ್ಲಿ ಈ ವರ್ಷ ಮತ್ತೆ ಹತ್ತಿ ಹಾಕಿದ್ದರು. ಅದಕ್ಕೆ ಹೊಡೆಯಬೇಕಿತ್ತು. ತುಂಬಿಕೊಂಡು ಅವಳು ಆ ಕಡೆ ಹೋದಳು.

ಹಾಲಮ್ಮ ಕಣದಲ್ಲಿ ಕಾಳು ಕೆದರುತ್ತಿದ್ದಳು. ಆ ಕಡೆ ಡ್ರೋನ್ ಗುಂಯ್ ಎನ್ನುವುದು ಕೇಳಿದ್ದೇ ತಡ, ಕೈಯ ಹಲಗೆ ಬಿಸಾಕಿ ತೋಟದ ಕಡೆ ನಡೆದಳು. ಆ ವಯಸ್ಸಿನಲ್ಲಿ ಆ ನಡಿಗೆ. ನಾನು ಹಿಂದೆ ಓಡಿದೆ. ಹೋಗುವಷ್ಟರಲ್ಲಿ ಹೊಲದ ಬಹುಪಾಲು ಮುಗಿದಿತ್ತು. ಆ ಹೆಣ್ಣುಮಗಳು ಕೈಯಲ್ಲಿ ಡ್ರೋನ್ ನಡೆಸುವ ರಿಮೋಟ್ ಹಿಡಿದು ಬೇಲಿಗೆ ಬೆನ್ನು ತಾಗುವಂತೆ ನಿಂತಿದ್ದಳು.

"ಏ ತಾಯಿ, ಅಲ್ಲಿಂದ ಸರಿ. ನನ್ನ ಬೇಲಿಗೆ ನಿಂತ್ಕಂಡು ನನ್ನ ಹೂವಿಗೆ ಇಷ ಹೊಡೀತೀಯಾ?"

"ಇಲ್ಲಜ್ಜಿ, ಗಾಳಿ ನಿಮ್ಮ ಕಡೆಯಿಂದ ಬರ್ತೈತೆ ನೋಡ್ರಿ. ಆ ತುದಿಯಿಂದ ಹೊಡಕಂತ ಬಂದು ಇಲ್ಲಿ ಮುಗಿಸ್ಬೇಕು. ನಿಮ್ಮ ಹೂವಿಗೆ ಒಂದು ಹನಿ ಬರಲ್ಲ. ಆ ಕಡೆ ನಿಂತ್ರೆ ನನ್ನ ಮ್ಯಾಲೇ ಬೀಳ್ತೈತೆ."

"ಹಂಗಂತ ಯಾರು ಹೇಳಿದ್ರು ನಿನಗೆ?"

"ಟ್ರೈನಿಂಗಿನಾಗೆ ಹೇಳ್ಯಾರೆ. ಮೊದಲ್ನೇ ದಿನದ ಪಾಠ ಇದು."

ಡ್ರೋನ್ ಬೇಲಿಯುದ್ದಕ್ಕೂ ಕೊನೆಯ ಸಲ ಹಾದುಹೋಯಿತು. ಮಂಜು ನಮ್ಮಿಂದ ದೂರ, ಹತ್ತಿಯ ಮೇಲೆ ಜಾರಿಕೊಂಡು ಹೋಯಿತು. ಹಾಲಮ್ಮ ಸೇವಂತಿಗೆಯ ಎಲೆಯೊಂದನ್ನು ಕಿತ್ತು ತಿಕ್ಕಿ ಮೂಸಿದಳು. ಆಮೇಲೆ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದುಕೊಂಡು ಎದೆಯ ಮಟ್ಟದಿಂದ ಬಿಟ್ಟಳು. ಕಣದಲ್ಲಿ ಎಲ್ಲರಿಗೂ ಅದು ರೂಢಿಯಾಗಿಬಿಟ್ಟಿದೆ. ಅವಳು ಅದನ್ನು ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು.

"ತಮ್ಮಾ," ಎಂದಳು. "ಆವತ್ತು ಗಾಳಿ ಎತ್ಲಾಗಿಂದ ಇತ್ತು?"

"ನಾನು ನೋಡಿರಲಿಲ್ಲ ಹಾಲಮ್ಮ."

"ಮತ್ತೆ ಬರ್ದಿ?"

"ಬರೆದೆ."

ಅವಳು ಬದುವಿನ ಮೇಲೆ ಕುಳಿತಳು. "ಮತ್ತೆ ನನ್ನ ಹುಳ ಹೆಂಗೆ ಸತ್ವು?"

ಗೊತ್ತಿಲ್ಲ ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. "ಸೊಪ್ಪು ಬಾಡದಂಗೆ ನೀರು ಚಿಮುಕಿಸ್ತಿದ್ದೆಯಲ್ಲ, ಆ ನೀರು ಯಾತರಾಗೆ ತರ್ತಿದ್ದೆ?" ಎಂದು ಕೇಳಿದೆ.

"ನಮ್ಮ ಕೊಡ ಆವತ್ತೇ ತೂತು ಬಿತ್ತು. ನಿಮ್ಮವ್ವ ಕೊಟ್ಟಿತ್ತಲ್ಲ, ನಿಮ್ಮನೆ ಬಚ್ಚಲಾಗಿಂದು. ನೀಲಿ ಡಬ್ಬಿ."

ಡಬ್ಬಿಯ ಮಾತನ್ನೇ ನಾನು ಆಡಿರಲಿಲ್ಲ. ಬಣ್ಣವನ್ನೂ ಹೇಳಿರಲಿಲ್ಲ. ಆ ಡಬ್ಬಿ ಎಲ್ಲಿಯದೆಂದು ಈಗ ಹೇಳಿದೆ. ಅಜ್ಜ ಎರಡು ವರ್ಷದ ಹಿಂದೆ ಕೇಳಿದ್ದ ಕಾಗದದ ವಿಷಯವನ್ನೂ ಹೇಳಿದೆ. ಒಂದು ಡಬ್ಬಿಯಿಂದಲೇ ಅಷ್ಟೂ ಹುಳುಗಳು ಸತ್ತವೆಂದು ಸಾಬೀತು ಮಾಡಲಾಗುವುದಿಲ್ಲ ಎಂಬುದು ನನಗೆ ಗೊತ್ತು. ಅದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಹಾಲಮ್ಮ ಬೈಯುತ್ತಾಳೆಂದು ಕಾದೆ. ಸೆರಗು ಕೊಡವಿ ಎದ್ದು ಕಣದ ಕಡೆ ಹೊರಟಳು.

ಶೆಡ್ಡಿನ ಮುಂದೆ ನಿಂತು, ನನ್ನ ಕಡೆ ತಿರುಗದೆ, "ಅವ್ನಿಗೆ ಹೇಳು," ಎಂದಳು. ರೂಢಿಯ ಮಾತು. ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಯಾರೋ ಖಾಲಿ ಚೀಲಗಳನ್ನು ಒಟ್ಟಿದ್ದರು.

"ಏನಂತ ಹೇಳಲಿ?" ಎಂದೆ.

ಅವಳು ಬಾಗಿಲ ಕಡೆ ನೋಡಿದಳು. "ಬ್ಯಾಡ ಬಿಡು. ನೀನು ಹೇಳಿದ್ದು ಸಾಕು."

ಆಮೇಲೆ ಬಾಗಿಲ ಹತ್ತಿರ ಹೋಗಿ, ಒಳಗೆ ಯಾರೋ ಇದ್ದಾರೆಂಬಂತೆ, ಸಾಮಾನ್ಯ ದನಿಯಲ್ಲಿ ಹೇಳಿದಳು.

"ನೀನು ನಿಂತಿದ್ದ ಜಾಗ ಸರಿ ಐತೆ ಮಾರಾಯ."

ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆಗ ಹೊತ್ತು ಏರಿತ್ತು, ಗಾಳಿ ಮೂಡಲ ಕಡೆಯಿಂದ ಬೀಸುತ್ತಿತ್ತು. ಈ ಸಲ ನೋಡಿದ್ದೇನೆ.